ಬೇಯಿಸುವುದು ಬೇರೆ, ಬತ್ತಿಸುವುದು ಬೇರೆ: ಕರೆಂಟ್ ಕುಕ್ಕರಿನಲ್ಲಿ ಆಪಲ್ ಬಟರ್

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ಇವತ್ತು ಮಳೆ ಬಿಡುವು ಕೊಟ್ಟಿದೆ, ಕರೆಂಟೂ ಇದೆ. ಇವೆರಡೂ ಯಾವಾಗ ಕೈಕೊಡುತ್ತವೋ ಹೇಳಲು ಬರುವುದಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಆಪಲ್ ಬಟರ್ ಅಂದರೆ ಸೇಬನ್ನು ಮೆತ್ತಗೆ ಬೇಯಿಸಿ, ರುಬ್ಬಿ, ಗಾಢ ಕಂದು ಬಣ್ಣ ಬರುವವರೆಗೆ ಬತ್ತಿಸಿದ್ದು. ಅದರಲ್ಲಿ ಬೆಣ್ಣೆ ಒಂದು ಚೂರೂ ಇಲ್ಲ. ಜಾಮ್ ಗಟ್ಟಿಯಾಗುವುದು ಮುಖ್ಯವಾಗಿ ಸಕ್ಕರೆ ಮತ್ತು ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಿಂದ. ಇದು ಗಟ್ಟಿಯಾಗುವುದು ಹಣ್ಣಿನ ತಿರುಳಿನಿಂದಲೇ. ಆದ್ದರಿಂದ ಜಾಮಿಗೆ ಸುರಿಯುವಷ್ಟು ಸಕ್ಕರೆ ಇದಕ್ಕೆ ಬೇಡ. ನನಗೆ ಇದು ಇಷ್ಟವಾಗಲು ಮೊದಲ ಕಾರಣ ಅದೇ.

ಸೇಬು ಬೆಳೆಯದ ಮಲೆನಾಡಿನಲ್ಲಿ ಇದರ ಮಾತು ಯಾಕೆ ಅಂತ ಕೇಳಬಹುದು. ಬೆಳೆಯುವುದಿಲ್ಲ ನಿಜ, ಆದರೆ ಸೇಬು ಇಲ್ಲದ ಮನೆ ಯಾವುದಿದೆ ಹೇಳಿ. ಹಿಮಾಚಲ, ಕಾಶ್ಮೀರದ ಹೊಸ ಸೇಬು ಮಾರುಕಟ್ಟೆಗೆ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನಮ್ಮ ಗಣಪತಿ ಹಬ್ಬ, ನವರಾತ್ರಿ ಬರುವುದೂ ಅದೇ ಸಮಯಕ್ಕೆ. ದೇವರ ಮುಂದೆ ಸೇಬು, ಫಲತಾಂಬೂಲಕ್ಕೆ ಸೇಬು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋದರೂ ಸೇಬು. ನಾಲ್ಕು ದಿನ ಬಿಟ್ಟು ನೋಡಿದರೆ ಬುಟ್ಟಿಯಲ್ಲಿ ಅವು ಹಿಟ್ಟುಹಿಟ್ಟಾಗಿ ಕೂತಿರುತ್ತವೆ. ಕಚ್ಚಿ ತಿನ್ನಲು ಯಾರಿಗೂ ಬೇಡ. ಆಪಲ್ ಬಟರ್‌ಗೆ ಅಂಥ ಹಣ್ಣೇ ಸಾಕು.

ಒಂದು ಎಚ್ಚರಿಕೆ ಮಾತ್ರ. ಪೆಟ್ಟು ಬಿದ್ದು ಕಂದಿದ ಭಾಗವನ್ನು ಕತ್ತರಿಸಿ ತೆಗೆದರೆ ಆಯಿತು. ಬೂಷ್ಟು ಹಿಡಿದು ಕೊಳೆತಿದ್ದರೆ ಇಡೀ ಹಣ್ಣನ್ನೇ ಗೊಬ್ಬರದ ಗುಂಡಿಗೆ ಹಾಕಿ. ಸೇಬನ್ನು ಕೊಳೆಸುವ ಬೂಷ್ಟು ಪ್ಯಾಟುಲಿನ್ ಎಂಬ ವಿಷವನ್ನು ಬಿಡುತ್ತದೆ. ಬೇಯಿಸಿದರೆ ಅದು ಪೂರ್ತಿ ಹೋಗುವುದಿಲ್ಲ.

ಈ ತಿನಿಸು ಯುರೋಪಿನಿಂದ ಅಮೆರಿಕಕ್ಕೆ ಹೋಗಿದ್ದು. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ರೈತರು, ಅಪಲಾಚಿಯನ್ ಬೆಟ್ಟಗಳ ಜನ ಇದನ್ನು ಊರಹಬ್ಬದಂತೆ ಮಾಡುತ್ತಿದ್ದರು. ಹೇಗೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಆಲೆಮನೆಯನ್ನು ನೆನೆಸಿಕೊಳ್ಳಿ, ಕಬ್ಬಿನ ಹಾಲಿನ ಬದಲು ಸೇಬು ಹಾಕಿಕೊಳ್ಳಿ. ಬಯಲಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆ, ಕೆಳಗೆ ಸೌದೆ ಉರಿ, ಉದ್ದ ಹಿಡಿಯ ಮರದ ಹುಟ್ಟು, ಸರದಿ ಮೇಲೆ ಕೆದಕುವ ನೆಂಟರು ಇಷ್ಟರು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ತಳ ಹಿಡಿಯದಿರಲಿ ಅಂತ ಕೊಪ್ಪರಿಗೆಯೊಳಗೆ ತಾಮ್ರದ ನಾಣ್ಯ ಹಾಕಿ ಕೆದಕುವ ರೂಢಿಯೂ ಅಲ್ಲಿತ್ತು. ನಮ್ಮ ಅಜ್ಜಿಯಂದಿರು ನೋಡಿದ್ದರೆ ಬೈಯುತ್ತಿದ್ದರು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಡಬಾರದು ಅನ್ನುವುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಅಲ್ವಾ?

ಇನ್ನೊಂದು ನಂಟು ಇದೆ. ಹಿಮಾಚಲದ ಕೋಟಗಢದಲ್ಲಿ 1916ರ ಸುಮಾರಿಗೆ ಅಮೆರಿಕದ ಡೆಲಿಷಿಯಸ್ ಜಾತಿಯ ಸೇಬು ನೆಟ್ಟವರು ಸತ್ಯಾನಂದ ಸ್ಟೋಕ್ಸ್. ಅವರ ಹುಟ್ಟೂರು ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ. ನಮ್ಮ ಪೇಟೆಯಲ್ಲಿ ಸಿಗುವ ಕೆಂಪು ಸೇಬಿನಲ್ಲಿ ಬಹುಪಾಲು ಡೆಲಿಷಿಯಸ್ ಕುಲದ್ದೇ. ನೋಡಲು ಚಂದ, ಸಿಹಿ ಜಾಸ್ತಿ, ಹುಳಿ ಕಮ್ಮಿ. ಈ ಹುಳಿ ಕಮ್ಮಿ ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಕುಕ್ಕರ್. ಕರೆಂಟ್ ಪ್ರೆಷರ್ ಕುಕ್ಕರ್ ಬಂದ ಮೇಲೆ ದಿನವಿಡೀ ಕೆದಕುವ ಕೆಲಸ ಅರ್ಧ ಗಂಟೆಗೆ ಇಳಿಯಿತು ಅಂತ ತುಂಬ ಜನ ನಂಬಿದ್ದಾರೆ. ನಾನು ಇವತ್ತು ಬಂದಿರುವುದೇ ಈ ನಂಬಿಕೆಯನ್ನು ಸ್ವಲ್ಪ ಅಲ್ಲಾಡಿಸಲು. ಕುಕ್ಕರ್ ಬೇಯಿಸುತ್ತದೆ, ಬತ್ತಿಸುವುದಿಲ್ಲ. ಮುಚ್ಚಳ ಬಿಗಿಯಾಗಿರುವಷ್ಟು ಹೊತ್ತು ನೀರು ಎಲ್ಲಿಗೆ ಹೋಗಬೇಕು? ಗಂಟೆಗಟ್ಟಲೆ ಪ್ರೆಷರ್‌ನಲ್ಲಿಟ್ಟರೂ ಒಳಗೆ ಸಿಗುವುದು ನೀರು ನೀರಾದ ಸೇಬಿನ ಗೊಜ್ಜು.

ನಾನು ವಿಜ್ಞಾನ ಪಾಠ ಮಾಡಿದವಳು, ಲೆಕ್ಕ ಹಾಕದೆ ಇರಲಾರೆ. ಒಂದೂವರೆ ಕೆಜಿ ಸೇಬು ತಗೊಳ್ಳಿ. ಬೀಜ, ಗಟ್ಟಿ ಭಾಗ ತೆಗೆದರೆ ಸುಮಾರು 1.35 ಕೆಜಿ ಉಳಿಯುತ್ತದೆ. ಸೇಬಿನಲ್ಲಿ ಶೇ. 85ರಷ್ಟು ನೀರೇ. ಅದರ ಮೇಲೆ ಕುಕ್ಕರಿಗೆ ನಾವು ಹಾಕುವ ಕಾಲು ಲೀಟರ್ ನೀರು, ಆಮೇಲೆ 150 ಗ್ರಾಂ ಬೆಲ್ಲ. ಇದೆಲ್ಲ ಸೇರಿ ಸವರುವ ಹದಕ್ಕೆ ಬರಬೇಕಾದರೆ ಕೊನೆಗೆ 800 ಗ್ರಾಂ ಆಸುಪಾಸು ಉಳಿಯಬೇಕು. ಅಂದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೋಗಬೇಕು. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.63 ಯೂನಿಟ್ ಕರೆಂಟ್ ಬೇಕು. ಅದೇ ಸೇಬನ್ನು ಪ್ರೆಷರ್‌ನ ಬಿಸಿಗೆ ಏರಿಸಲು ಹೆಚ್ಚು ಕಡಿಮೆ 0.16 ಯೂನಿಟ್ ಸಾಕು. ನಾಲ್ಕು ಪಟ್ಟು ವ್ಯತ್ಯಾಸ. ಯಾವ ಕಂಪನಿಯ ಯಾವ ಬಟನ್ ಒತ್ತಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಕುಕ್ಕರ್ ಯಾಕೆ? ಎರಡು ಲಾಭ ಇದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಕರೆಂಟ್ ಕುಕ್ಕರಿನ ಹೈ ಪ್ರೆಷರ್‌ನಲ್ಲಿ 115 ಡಿಗ್ರಿ ದಾಟುತ್ತದೆ. ಆ ಬಿಸಿಗೆ ಸಿಪ್ಪೆ ಸಮೇತ ಎಲ್ಲ ಕರಗಿದಂತೆ ಬೇಯುತ್ತದೆ. ಸೇಬಿನ ಸಕ್ಕರೆ ಕಂದು ಬಣ್ಣಕ್ಕೆ ತಿರುಗುವ ಕೆಲಸವೂ ಅಲ್ಲೇ ಶುರುವಾಗುತ್ತದೆ. ಇನ್ನೊಂದು, ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಕೊಟ್ಟಿಗೆ ಕೆಲಸ ಮುಗಿಸಿ ಬರಬಹುದು.

ಆದರೆ ಅಪಾಯದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಕುಕ್ಕರಿನ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ, ಅದು ಡಬ್ಬದಲ್ಲೇ ಇರುತ್ತದೆ. ಹಲವು ಕುಕ್ಕರ್ ಪುಸ್ತಕಗಳಲ್ಲಿ ನೊರೆ ಬರುವ ಪದಾರ್ಥಗಳ ಒಂದು ಪಟ್ಟಿ ಇರುತ್ತದೆ. ಬೇಳೆ, ಓಟ್ಸ್, ಶಾವಿಗೆ ಜೊತೆ ಸೇಬಿನ ಗೊಜ್ಜೂ ಆ ಪಟ್ಟಿಯಲ್ಲಿದೆ. ಬೆಂದ ಸೇಬು ನೊರೆಯಾಗಿ ಉಕ್ಕಿ, ಆವಿ ಹೋಗುವ ತೂತಿಗೆ ಅಂಟಿಕೊಂಡರೆ ಪ್ರೆಷರ್ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಸೇಬು ಬೇಡವೇ ಬೇಡ ಅಂತ ಇದ್ದರೆ ಅಲ್ಲಿಗೆ ಬಿಡಿ, ತೆರೆದ ಪಾತ್ರೆಯಲ್ಲೇ ಬೇಯಿಸಿ. ಮಾಡಬಹುದು ಅಂತಿದ್ದರೆ ಒಳಪಾತ್ರೆಯ ಅರ್ಧದ ಗೆರೆ ದಾಟಬೇಡಿ. ಆರು ಲೀಟರಿನ ಕುಕ್ಕರಿಗೆ ನಾನು ಹೇಳಿದ ಒಂದೂವರೆ ಕೆಜಿ ಸರಿಹೋಗುತ್ತದೆ. ಸಮಯ ಮುಗಿದ ಮೇಲೆ ವಾಲ್ವ್ ಎತ್ತಿ ಆವಿ ಬಿಡಬೇಡಿ. ಬಿಟ್ಟರೆ ಬಿಸಿ ತಿರುಳು ಆವಿಯ ಜೊತೆ ಚಿಮ್ಮುತ್ತದೆ. ಪ್ರೆಷರ್ ತಾನಾಗೇ ಇಳಿದು, ಪ್ರೆಷರ್ ಇದ್ದಾಗ ಮುಚ್ಚಳದಲ್ಲಿ ಮೇಲೆದ್ದು ನಿಲ್ಲುವ ಪಿನ್ ಕೆಳಗೆ ಬೀಳುವವರೆಗೆ ಕಾಯಿರಿ. ಇದರಲ್ಲಿ ಅವಸರ ಅನ್ನುವುದೇ ಇಲ್ಲ.

ಗ್ಯಾಸ್ ಮೇಲಿನ ಸೀಟಿ ಕುಕ್ಕರಿನಲ್ಲಿ ಮಾಡಬಹುದಾ ಅಂತ ಮುಂದಿನ ಸಾಲಿನಲ್ಲಿ ಯಾರೋ ಕೇಳಿದರು. ನಾನಂತೂ ಮಾಡುವುದಿಲ್ಲ. ಸೀಟಿ ಹೊಡೆಯುವುದು ಅಂದರೇ ಆವಿ ರಭಸದಿಂದ ಹೊರಗೆ ಬರುವುದು. ಅದರ ಜೊತೆ ಗೊಜ್ಜೂ ಬರುತ್ತದೆ.

ಮಾಡುವ ಕ್ರಮಕ್ಕೆ ಬರೋಣ. ಹೊಳೆಯುವ ಸೇಬಿಗೆ ಮೇಣ ಸವರಿರುತ್ತಾರೆ. ಬಿಸಿ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸಮಾಧಾನ ಇಲ್ಲದಿದ್ದರೆ ಸಿಪ್ಪೆ ತೆಗೆಯಿರಿ. ಬೀಜ ಮಾತ್ರ ಖಂಡಿತ ತೆಗೆಯಬೇಕು. ಅದನ್ನು ರುಬ್ಬಿದರೆ ಕಹಿ, ವಿಷವೂ ಹೌದು. ಹೋಳು ಮಾಡಿ ಕಾಲು ಲೀಟರ್ ನೀರಿನ ಜೊತೆ ಹೈ ಪ್ರೆಷರ್‌ನಲ್ಲಿ 15 ನಿಮಿಷ ಇಡಿ. ಬೆಲ್ಲ ಈಗ ಬೇಡ. ಈಗಲೇ ಹಾಕಿದರೆ ತಳಕ್ಕೆ ಕೂತು ಸೀಯುತ್ತದೆ, ಕುಕ್ಕರ್ ‘ಬರ್ನ್’ ಅಂತ ತೋರಿಸಿ ನಿಂತುಬಿಡುತ್ತದೆ.

ನನಗೆ ಇಷ್ಟವಾದ ದಾರಿ ಇನ್ನೊಂದು. ತಳಕ್ಕೆ ನೀರು, ಅದರ ಮೇಲೆ ಸ್ಟ್ಯಾಂಡ್, ಸ್ಟ್ಯಾಂಡಿನ ಮೇಲೆ ಬೇರೆ ಸ್ಟೀಲ್ ಪಾತ್ರೆಯಲ್ಲಿ ಸೇಬಿನ ಹೋಳು. ಪಾತ್ರೆ ಚಿಕ್ಕದಾಗುವುದರಿಂದ ಹಣ್ಣು ಸ್ವಲ್ಪ ಕಡಿಮೆ ಹಿಡಿಯುತ್ತದೆ. ಆದರೆ ಆ ಕಾಲು ಲೀಟರ್ ನೀರು ಹಣ್ಣಿಗೆ ಸೇರುವುದೇ ಇಲ್ಲ. ಸೇರದ ನೀರನ್ನು ಬತ್ತಿಸಬೇಕಾಗಿಲ್ಲ. ಲೆಕ್ಕ ನೋಡಿ, ಬೇಯಿಸಲು ಎಷ್ಟು ಕರೆಂಟ್ ಖರ್ಚಾಗುತ್ತದೋ ಸರಿಸುಮಾರು ಅಷ್ಟನ್ನು ಇಲ್ಲೇ ಉಳಿಸಿದಂತಾಯಿತು. ತಳ ಹಿಡಿಯುವ ಭಯವೂ ಇಲ್ಲ.

ಬೆಂದ ಮೇಲೆ ಆರಿಸಿ, ರುಬ್ಬಿ. ಆಮೇಲೆ ಮುಚ್ಚಳ ತೆಗೆದಿಟ್ಟು ‘ಸಾಟೆ’ ಬಟನ್, ಅಂದರೆ ಹುರಿಯಲು ಇರುವ ಬಟನ್ ಒತ್ತಿ, ಉರಿ ಕಡಿಮೆ ಇಡಿ. ಇಲ್ಲಿಂದ ಶುರು ನಿಜವಾದ ಕೆಲಸ. ಮೊದಲು ಸುಮ್ನೆ ಕುದಿಯುತ್ತದೆ. ಗಟ್ಟಿಯಾಗುತ್ತಾ ಬಂದಂತೆ ಗುಳ್ಳೆ ಒಡೆದು ಕೈಗೆ, ಗೋಡೆಗೆ ಹಾರುತ್ತದೆ. ಬಿಸಿ ತಿರುಳು ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಉದ್ದ ಹಿಡಿಯ ಮರದ ಸೌಟು ಹಿಡಿಯಿರಿ, ಮೇಲೆ ಜಾಲರಿ ತಟ್ಟೆ ಇಡಿ. ಪೂರ್ತಿ ಮುಚ್ಚಿದರೆ ಆವಿ ಮತ್ತೆ ಒಳಗೇ ಬೀಳುತ್ತದೆ. ಸಾವಿರ ವಾಟಿನ ಕುಕ್ಕರ್ ಒಂದಿಷ್ಟೂ ಬಿಸಿ ಪೋಲು ಮಾಡದೆ ನಡೆದರೂ ಒಂದು ಲೀಟರ್ ಬತ್ತಲು 38 ನಿಮಿಷ ಬೇಕು. ಪೋಲಾಗದೆ ಇರುತ್ತದೆಯೇ? ಒಂದು ಗಂಟೆಗಿಂತ ಜಾಸ್ತಿ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಗಲ ಬಾಯಿಯ ಬಾಣಲೆ ಇದ್ದರೆ ಈ ಹಂತಕ್ಕೆ ಅದಕ್ಕೇ ಸುರಿದು ಒಲೆ ಮೇಲೆ ಇಡಿ. ಬಾಯಿ ಅಗಲ ಇದ್ದಷ್ಟು ಆವಿ ಬೇಗ ಹೋಗುತ್ತದೆ. ಆಲೆಮನೆಯ ಕೊಪ್ಪರಿಗೆ ಯಾಕೆ ಅಷ್ಟು ಅಗಲ ಅಂತ ಈಗ ಗೊತ್ತಾಯಿತಲ್ಲ.

ಅರ್ಧ ಬತ್ತಿದ ಮೇಲೆ ಬೆಲ್ಲ. ಅಚ್ಚು ಬೆಲ್ಲವೂ ಆಗುತ್ತದೆ, ಆದರೆ ಮನೆಯಲ್ಲಿ ಜೋನಿಬೆಲ್ಲ ಇದ್ದರೆ ಅದನ್ನೇ ಹಾಕಿ. ಅದರ ಘಮಕ್ಕೆ ಸೇಬು ಚೆನ್ನಾಗಿ ಒಗ್ಗುತ್ತದೆ. ಜೋನಿಯಲ್ಲೂ ನೀರಿರುತ್ತದೆ, ಇನ್ನೊಂದಿಷ್ಟು ಹೊತ್ತು ಕೆದಕಬೇಕು ಅಷ್ಟೇ. ಜೊತೆಗೆ ದಾಲ್ಚಿನ್ನಿ ಪುಡಿ ಒಂದು ಚಮಚ, ಲವಂಗ ಎರಡು ಮೂರು, ಜಾಯಿಕಾಯಿ ತುರಿದರೆ ಚಿಟಿಕೆ. ಇವೆಲ್ಲ ಅಮೆರಿಕದವರು ಅಂಗಡಿಯಿಂದ ತರುವ ಮಸಾಲೆ, ನಮಗೆ ತೋಟದಲ್ಲೇ ಸಿಗುತ್ತವೆ. ಏಲಕ್ಕಿ ಹಾಕಬೇಡಿ ಅನ್ನುವುದು ನನ್ನ ಹಠ. ಹಾಕಿದರೆ ಪಾಯಸದ ವಾಸನೆ ಬರುತ್ತದೆ. ನಮ್ಮ ಮನೆಯಲ್ಲೇ ಇದನ್ನು ಯಾರೂ ಒಪ್ಪುವುದಿಲ್ಲ.

ಇನ್ನು ನಿಂಬೆ. ಇದನ್ನು ಬಿಡಬೇಡಿ. ಡೆಲಿಷಿಯಸ್‌ನಲ್ಲಿ ಹುಳಿ ಕಮ್ಮಿ ಅಂದೆನಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಬಿದ್ದಿರುತ್ತದೆ, ಹಾಗಾಗಿ ಬೆಲ್ಲವೂ ಹುಳಿಯನ್ನು ಇಳಿಸುವ ಕಡೆಗೇ ಎಳೆಯುತ್ತದೆ. ಎರಡು ನಿಂಬೆಹಣ್ಣಿನ ರಸ ಹಿಂಡಿದರೆ ರುಚಿಗೂ ಒಳ್ಳೆಯದು, ಬಾಳಿಕೆಗೂ ಒಳ್ಳೆಯದು. ಬಣ್ಣ ಬೇಗ ಬರಲಿ ಅಂತ ಅಡುಗೆ ಸೋಡಾ ಹಾಕುವ ಉಪಾಯ ಒಂದಿದೆ. ಬಣ್ಣ ಬರುತ್ತದೆ ನಿಜ, ಆದರೆ ಹುಳಿ ಸಾಯುತ್ತದೆ. ಬೇಡ.

ಹದ ನೋಡುವುದು ನಿಮಗೆ ನಾನು ಕಲಿಸಬೇಕಾದ ವಿದ್ಯೆ ಅಲ್ಲ. ತಣ್ಣಗಿನ ತಟ್ಟೆಗೆ ಒಂದು ಚಮಚ ಹಾಕಿ. ಸುತ್ತ ನೀರಿನ ಉಂಗುರ ಬಿಟ್ಟುಕೊಂಡರೆ ಇನ್ನೂ ಆಗಿಲ್ಲ. ಗುಡ್ಡೆ ಹಾಗೇ ನಿಂತರೆ ಆಯಿತು. ಆರಿದ ಮೇಲೆ ಇನ್ನೂ ಸ್ವಲ್ಪ ಗಟ್ಟಿಯಾಗುತ್ತದೆ.

ಇಡುವುದು ಹೇಗೆ? ನಾವೆಲ್ಲ ಅಪ್ಪೆಮಿಡಿಯನ್ನು ವರ್ಷಗಟ್ಟಲೆ ಇಟ್ಟ ಧೈರ್ಯದ ಮೇಲೆ ಇದನ್ನೂ ಭರಣಿಗೆ ತುಂಬಿ ಅಟ್ಟಕ್ಕೆ ಏರಿಸಿಬಿಡುತ್ತೇವೆ. ಹಾಗೆ ಮಾಡಬೇಡಿ. ಉಪ್ಪಿನಕಾಯಿಯನ್ನು ಕಾಯುವುದು ಉಪ್ಪು. ಇಲ್ಲಿ ಉಪ್ಪಿಲ್ಲ, ಸಕ್ಕರೆಯೂ ಜಾಮಿನಷ್ಟಿಲ್ಲ. ಮಲೆನಾಡಿನ ತೇವಕ್ಕೆ ಬೂಷ್ಟು ಬರಲು ತಡವಾಗುವುದಿಲ್ಲ. ಕುದಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಮೂರು ವಾರ, ಫ್ರೀಜರ್‌ನಲ್ಲಿ ವರ್ಷ. ಅಮೆರಿಕದಲ್ಲಿ ಹೊರಗೆ ಇಡಲೆಂದೇ ಪರೀಕ್ಷಿಸಿದ ಕ್ರಮದಲ್ಲಿ 3.6 ಕೆಜಿ ಸೇಬಿಗೆ ಎರಡು ಕಪ್ ವಿನೆಗರ್ ಬೀಳುತ್ತದೆ, ತುಂಬಿದ ಬಾಟಲಿಗಳನ್ನು ಮತ್ತೆ ಕುದಿಯುವ ನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ ಜೀವಕ್ಕೇ ಅಪಾಯದ ಆಹಾರ ವಿಷ ತರುವ ಸೂಕ್ಷ್ಮಜೀವಿ ಬೆಳೆಯುವುದಿಲ್ಲ, ಅದಕ್ಕೆ ಅಷ್ಟು ಹುಳಿ. ನಮ್ಮ ಕಡಿಮೆ ಸಿಹಿಯ ಮನೆ ಕ್ರಮ ಫ್ರಿಜ್ಜಿಗೆ ಮಾತ್ರ.

ಕರೆಂಟಿನ ಮಾತು ಆಡದೆ ಮುಗಿಸಲು ಆಗುವುದಿಲ್ಲ. ನಮ್ಮ ತಾಲ್ಲೂಕಿನ ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಯಿತು. ಆದರೂ ಜೋರು ಗಾಳಿ ಬೀಸಿದರೆ ಮೊದಲು ಕತ್ತಲಾಗುವುದು ನಮ್ಮ ಮನೆಗಳೇ. ಮನೆಯ ಸಾಮಾನ್ಯ ಇನ್ವರ್ಟರ್ ಸಾವಿರ ವಾಟಿನ ಕುಕ್ಕರನ್ನು ಎಳೆಯುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ಪ್ರೆಷರ್‌ನಲ್ಲಿರುವಾಗ ಕರೆಂಟ್ ಹೋದರೆ ಗಾಬರಿ ಬೇಡ. ಮುಚ್ಚಳಕ್ಕೆ ಕೈ ಹಾಕದೆ ಪಿನ್ ಬೀಳುವವರೆಗೆ ಬಿಡಿ. ಬಹುತೇಕ ಅಷ್ಟರಲ್ಲಿ ಬೆಂದಿರುತ್ತದೆ. ಬತ್ತಿಸುವಾಗ ಹೋದರೆ ಬಾಣಲೆಗೆ ಸುರಿದು ಸೌದೆ ಒಲೆಗೆ ಹೋಗಿ.

ತಿನ್ನುವುದಕ್ಕೆ ಬ್ರೆಡ್ಡೇ ಆಗಬೇಕೆಂದಿಲ್ಲ. ನಮ್ಮ ತೆಳು ದೋಸೆ ತೆಳ್ಳೇವಿಗೆ ತುಪ್ಪದ ಜೊತೆ ಹಾಕಿಕೊಳ್ಳಿ, ಅಕ್ಕಿ ರೊಟ್ಟಿಗೂ ಆಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಹಣ್ಣು ತಾನೆ ಅಂತ ಬಟ್ಟಲುಗಟ್ಟಲೆ ತಿನ್ನಬೇಡಿ. ಬತ್ತಿಸಿದಾಗ ಹೋಗಿದ್ದು ನೀರು ಮಾತ್ರ, ಸಿಹಿ ಎಲ್ಲ ಅಲ್ಲೇ ಇದೆ.

ಹಲಸಿನ ಹಣ್ಣಿಗೆ ಇದೇ ಕ್ರಮ ಆಗುತ್ತದಾ ಅಂತ ಚೀಟಿ ಬಂದಿದೆ. ಆಗುತ್ತದೆ, ಆದರೆ ಹಲಸಿನಲ್ಲಿ ಹುಳಿ ತೀರಾ ಕಮ್ಮಿ. ಪಪ್ಪಾಯಿ, ಬಾಳೆಹಣ್ಣೂ ಅಷ್ಟೇ. ಅವನ್ನು ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಬೇಗ ಖಾಲಿ ಮಾಡಿ. ಅನಾನಸ್‌ನಲ್ಲಿ ಹುಳಿ ಚೆನ್ನಾಗಿದೆ, ತಿರುಳು ಮಾತ್ರ ನಾರು ನಾರು, ಹೊಂದಿಕೊಂಡು ಗಟ್ಟಿಯಾಗುವುದಿಲ್ಲ. ಅರ್ಧ ಅನಾನಸ್, ಅರ್ಧ ಸೇಬು ಹಾಕಿ ನೋಡಿ. ಆಗ ನಿಂಬೆ ಒಂದು ಸಾಕು. ಹಿಂದಿನ ಸಾಲಿನವರದ್ದೂ ಏನೋ ಪ್ರಶ್ನೆ ಇದ್ದಂತಿದೆ, ಕೇಳಿ.