ಪಕ್ಕದ ಮನೆಯವರ ನೋವಿನ ಮಾತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ. ಮದುವೆ ಮನೆಗೆ ಹೋದರೂ ಜನ ನನ್ನನ್ನು ಕೇಳುವುದು ಒಂದೇ, "ಡಾಕ್ಟ್ರೇ, ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೇದು?" ಯಾರ ಮಂಡಿ ಅಂತ ಮೊದಲು ಹೇಳಿ ಸ್ವಾಮಿ! ಮಾತ್ರೆ ಒಂದೇ ಇರಬಹುದು, ಅದನ್ನು ತಡೆದುಕೊಳ್ಳುವ ಜೀನ್, ಅಂದರೆ ಅಪ್ಪ ಅಮ್ಮನಿಂದ ಬರುವ ವಂಶವಾಹಿ, ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಇವತ್ತು ನಾನು ಹೇಳುವುದು ಇಷ್ಟೇ.

ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ, ಕೇಳಿ. ಡೈಕ್ಲೋಫಿನ್ಯಾಕ್ ಗೊತ್ತಲ್ಲ, ಸೊಂಟ ಹಿಡಿದಾಗ ನುಂಗುತ್ತೀರಲ್ಲ, ಅದೇ. ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಅದನ್ನು ಯೀಸ್ಟಿಗೆ ಹಾಕಿ ನೋಡಿದರು, 2011ರಲ್ಲಿ ಪ್ರಕಟಿಸಿದರು. ಯೀಸ್ಟ್ ಅಂದರೆ ಬೇಕರಿಯಲ್ಲಿ ಬ್ರೆಡ್ ಉಬ್ಬಿಸುವುದೇ. ಒಂದೇ ಕೋಶದ ಜೀವಿ, ಆದರೆ ನಮ್ಮ ಕೋಶದ ಎಷ್ಟೋ ಕೆಲಸ ಅದರಲ್ಲೂ ನಡೆಯುತ್ತದೆ. ಔಷಧಿ ಬಿದ್ದಾಗ ಬಹುಪಾಲು ಕೋಶಗಳು ಸತ್ತವು. ಕೆಲವು ಮಾತ್ರ ಹೇಗೋ ಉಳಿದು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಬೆಳೆಯತೊಡಗಿದವು! ಉಳಿದವುಗಳಲ್ಲಿ ಯಾವ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ ಅಂತ ಹುಡುಕಿದರು. ಅದರಲ್ಲಿ ಮುಖ್ಯವಾದದ್ದು ಪಿಡಿಆರ್5. ಮಳೆ ಬಂದಾಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನುಗ್ಗಿದ ನೀರನ್ನು ಮೋಟಾರು ಹಾಕಿ ಹೊರಗೆ ಎತ್ತುತ್ತಾರಲ್ಲ, ಈ ಜೀನ್ ಕೋಶದ ಪೊರೆಯಲ್ಲಿ ಅಂಥದ್ದೇ ಪಂಪು ಕೂರಿಸುತ್ತದೆ, ಒಳಗೆ ಬಂದ ಔಷಧಿಯನ್ನು ಅದು ಹೊರಗೆ ತಳ್ಳುತ್ತದೆ. ಕೋಶದ ಗೋಡೆ ಗಟ್ಟಿ ಮಾಡುವ ಜೀನ್‌ಗಳೂ ಎದ್ದು ಕೂತಿದ್ದವು. ಸತುವಿನ ಲೆಕ್ಕ ನೋಡಿಕೊಳ್ಳುವ ಒಂದು ಜೀನನ್ನು ತೆಗೆದರೆ ಔಷಧಿಯ ವಿಷ ಇನ್ನೂ ಏರಿತು. ಸತುವಿನ ಕಥೆ ದೊಡ್ಡದು, ಹೇಳೋಕೆ ಆಸೆ, ಆದರೆ ಸಮಯ ಆಗ್ತಾ ಬಂತು ಅಂತ ಆ ಕಡೆಯಿಂದ ಸನ್ನೆ ಮಾಡುತ್ತಿದ್ದಾರೆ.

ಸರಿ, ನಮ್ಮ ವಿಷಯಕ್ಕೆ ಬರೋಣ. ಯೀಸ್ಟಿನ ಹಾಗೆ ನಮ್ಮಲ್ಲೂ ಔಷಧಿಯನ್ನು ನಿಭಾಯಿಸುವ ಜೀನ್‌ಗಳಿವೆ. ನಮ್ಮ ಲಿವರಿನಲ್ಲಿ ಸಿವೈಪಿ2ಸಿ9 ಅನ್ನುವ ಜೀನ್ ಇದೆ. ಐಬುಪ್ರೊಫೆನ್, ಸೆಲಿಕಾಕ್ಸಿಬ್ ಥರದ ನೋವಿನ ಮಾತ್ರೆಗಳನ್ನು ಒಡೆದು ಹಾಕುವ ಕೆಲಸ ಅದರದು. ಕೆಲವರಿಗೆ ಅಪ್ಪ ಅಮ್ಮನಿಂದ ಇದರ ನಿಧಾನದ ರೂಪ ಬಂದಿರುತ್ತದೆ. ಅವರಲ್ಲಿ ಔಷಧಿ ಜಾಸ್ತಿ ಹೊತ್ತು ರಕ್ತದಲ್ಲೇ ಉಳಿಯುತ್ತದೆ. ಅದಕ್ಕೇ ಅಮೆರಿಕದಲ್ಲಿ ಸೆಲಿಕಾಕ್ಸಿಬ್ ಜೊತೆ ಬರುವ ಚೀಟಿಯಲ್ಲೇ, ಇಂಥವರಿಗೆ ಅರ್ಧ ಡೋಸಿನಿಂದ ಶುರು ಮಾಡಿ ಅಂತ ಬರೆದಿರುತ್ತದೆ. ಮುಖ ನೋಡಿ ಇದು ಗೊತ್ತಾಗುತ್ತಾ? ಇಲ್ಲ. ಹಾಗಿದ್ದ ಮೇಲೆ "ನಂಗೆ ಒಗ್ಗಿತು, ನೀನೂ ತಗೋ" ಅಂತ ಅತ್ತಿಗೆಗೆ, ಪಕ್ಕದ ಮನೆಯವರಿಗೆ ಸುಮ್ನೆ ಮಾತ್ರೆ ಹಂಚುವುದು ಯಾಕೆ? ದಯವಿಟ್ಟು ಬೇಡ. ಮಾತ್ರೆ ಒಂದೇ, ಜೀನ್ ಬೇರೆ.

ನೋವಿನ ಮಾತ್ರೆಯಿಂದ ಕಿಡ್ನಿಗೆ ಆಗುವ ತೊಂದರೆಯ ಬಗ್ಗೆ ಹೇಳೋಕೆ ಹೊತ್ತೇ ಉಳಿಯಲಿಲ್ಲ. ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಮಲ ಕಪ್ಪಗಾದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ, "ಬಿಳಿ ಮಾತ್ರೆ ಡಾಕ್ಟ್ರೇ" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ನಮಸ್ಕಾರ.