ಅಸುರರಾಜ ಸತ್ತ ಮೇಲೆ ಶುರುವಾಗುವ ಕಥೆ

ನಮಸ್ಕಾರ, ಕೇಳುಗರೇ.

ಇದು 2023ರ ಅಕ್ಟೋಬರ್ ಕೊನೆಯ ವಾರ. ಜಪಾನಿನ ಟಿವಿಯಲ್ಲಿ ಹೊಸ ಅನಿಮೆ, ಅಂದರೆ ಅಲ್ಲಿನ ಆನಿಮೇಷನ್, ಧಾರಾವಾಹಿಗಳು ಶುರುವಾಗಿ ಹೆಚ್ಚುಕಡಿಮೆ ಒಂದು ತಿಂಗಳಾಯಿತು. ಅಲ್ಲಿ ವರ್ಷಕ್ಕೆ ನಾಲ್ಕು ಸಲ, ಅಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ, ಹೊಸ ಫಸಲು ಬರುತ್ತದೆ. ವಾರಕ್ಕೊಂದರಂತೆ ಒಂದು ಸೀಸನ್‌ಗೆ ಹನ್ನೆರಡೋ ಹದಿಮೂರೋ ಕಂತು. ಟೋಕಿಯೋದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಹನ್ನೊಂದು ಹೊಡೆದಾಗ ಬೆಂಗಳೂರಿನಲ್ಲಿ ಸಂಜೆ ಏಳೂವರೆ. ಇಂಗ್ಲಿಷ್ ಸಬ್‌ಟೈಟಲ್ ಇರುವ ಕಂತು ಕ್ರಂಚಿರೋಲ್ ಎಂಬ ಅಂತರ್ಜಾಲ ತಾಣದಲ್ಲಿ ಬೇಗನೆ ಸಿಗುವುದರಿಂದ ನಮ್ಮ ಕಾಲೇಜು ಹುಡುಗ ಹುಡುಗಿಯರು ಜಪಾನಿನವರ ಜೊತೆಜೊತೆಗೇ ನೋಡುತ್ತಿದ್ದಾರೆ. ಕನ್ನಡದ ಸಬ್‌ಟೈಟಲ್ ಮಾತ್ರ ಇಲ್ಲ. ನಾನು ಈಗ ಹೇಳಹೊರಟಿರುವ ಒಂದು ಧಾರಾವಾಹಿಯನ್ನು ಅರವತ್ತು ದಾಟಿದವರೇ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಾರು. ಅದಕ್ಕೇ ಆ ಕೊರತೆ ನನಗೆ ಇನ್ನಷ್ಟು ಎದ್ದು ಕಾಣುತ್ತದೆ.

ಅನಿಮೆ ನೋಡುವವರಲ್ಲಿ ಒಂದು ಮಾತಿದೆ: ಮೂರು ಕಂತು ನೋಡು, ಆಮೇಲೆ ಬೇಕೋ ಬೇಡವೋ ತೀರ್ಮಾನಿಸು. 2011ರ 'ಮದೋಕಾ ಮಾಜಿಕಾ'ದ ಮೂರನೆಯ ಕಂತು ಕಥೆಯ ದಿಕ್ಕನ್ನೇ ತಿರುಗಿಸಿದ್ದನ್ನು ಕಂಡವರು ಈ ಮಾತನ್ನು ಗಟ್ಟಿಯಾಗಿ ನಂಬುತ್ತಾರೆ. ಈ ವರ್ಷ ತಯಾರಕರು ಅಷ್ಟು ವಾರ ಕಾಯಲು ಸಿದ್ಧರಿಲ್ಲ. ಏಪ್ರಿಲ್‌ನಲ್ಲಿ 'ಓಶಿ ನೊ ಕೊ' ತೊಂಬತ್ತು ನಿಮಿಷದ ಮೊದಲ ಕಂತಿನೊಂದಿಗೆ ಬಂತು. ಈಗ ಶರತ್ಕಾಲದಲ್ಲಿ 'ದಿ ಅಪೋಥೆಕರಿ ಡೈರೀಸ್' ಮೂರು ಕಂತುಗಳನ್ನು ಒಂದೇ ರಾತ್ರಿ ಇಳಿಸಿತು. 'ಫ್ರೀರೆನ್' ನಾಲ್ಕನ್ನು ಇಳಿಸಿತು. ಹೀಗೆ ಸಿಕ್ಕಿದ ಹೆಚ್ಚಿನ ಹೊತ್ತನ್ನು ಇವೆರಡೂ ಹೇಗೆ ಬಳಸಿಕೊಂಡವು? ನನ್ನ ಮೊದಲ ಅನಿಸಿಕೆಗಳೆಲ್ಲ ಅದರ ಸುತ್ತಲೇ ಇವೆ.

'ಫ್ರೀರೆನ್' ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಸೆಪ್ಟೆಂಬರ್ 29ರ ಶುಕ್ರವಾರ ನಿಪ್ಪಾನ್ ಟಿವಿ ಇದನ್ನು 'ಕಿನ್ಯೋ ರೋಡ್‌ಶೋ'ದಲ್ಲಿ ಎರಡು ಗಂಟೆ ತೋರಿಸಿತು. ಶುಕ್ರವಾರ ರಾತ್ರಿಯ ಆ ಹೊತ್ತು 1985ರಿಂದಲೂ ಸಿನಿಮಾಗಳಿಗೆ ಮೀಸಲು. ಟಿವಿ ಅನಿಮೆಯೊಂದು ಅಲ್ಲಿಂದ ಶುರುವಾದದ್ದು ಇದೇ ಮೊದಲು. ಯಮಾದಾ ಕಾನೆಹಿತೊ ಬರೆದು ಆಬೆ ತ್ಸುಕಾಸಾ ಚಿತ್ರ ಬಿಡಿಸುತ್ತಿರುವ ಮಾಂಗಾ, ಅಂದರೆ ಜಪಾನೀ ಚಿತ್ರಕಥೆ, ಇದಕ್ಕೆ ಮೂಲ. 2020ರಿಂದ 'ಶೋನೆನ್ ಸಂಡೇ' ವಾರಪತ್ರಿಕೆಯಲ್ಲಿ ಬರುತ್ತಿದೆ, 2021ರಲ್ಲಿ ಮಾಂಗಾ ತೈಶೋ ಪ್ರಶಸ್ತಿಯನ್ನೂ ಪಡೆದಿದೆ. ಮ್ಯಾಡ್‌ಹೌಸ್ ಸ್ಟುಡಿಯೋ ತಯಾರಿಸಿದೆ. ನಿರ್ದೇಶಕ ಸೈತೊ ಕೇಯಿಚಿರೊ ಕಳೆದ ವರ್ಷ 'ಬೊಚ್ಚಿ ದಿ ರಾಕ್' ಮಾಡಿದವರು.

ವೀರ ಹಿಮ್ಮೆಲ್, ಪಾದ್ರಿ ಹೈಟರ್, ಡ್ವಾರ್ಫ್ ಎಂಬ ಕುಳ್ಳರ ಕುಲದ ಯೋಧ ಐಸೆನ್, ಎಲ್ಫ್ ಎಂಬ ದೀರ್ಘಾಯುಷಿ ಕುಲದ ಮಾಂತ್ರಿಕಳು ಫ್ರೀರೆನ್. ಈ ನಾಲ್ವರು ಹತ್ತು ವರ್ಷ ಅಲೆದು ಅಸುರರಾಜನನ್ನು ಕೊಂದಿದ್ದಾರೆ. ಬೇರೆ ಕಥೆಗಳು ಎಲ್ಲಿ ಮುಗಿಯುತ್ತವೋ ಅಲ್ಲಿಂದ ಇದು ಶುರು. ಬಂಡಿಯಲ್ಲಿ ಕೂತು ರಾಜಧಾನಿಗೆ ಮರಳುತ್ತಾರೆ, ಮುಂದೆ ಹೊಟ್ಟೆಪಾಡಿಗೆ ಏನು ಮಾಡುವುದು ಎಂದು ಮಾತಾಡಿಕೊಳ್ಳುತ್ತಾರೆ. ಐವತ್ತು ವರ್ಷಕ್ಕೊಮ್ಮೆ ಬರುವ ಉಲ್ಕಾವೃಷ್ಟಿಯನ್ನು ಆ ರಾತ್ರಿ ಒಟ್ಟಿಗೆ ನೋಡುತ್ತಾರೆ. ಮುಂದಿನ ಸಲ ಇದಕ್ಕಿಂತ ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ ಫ್ರೀರೆನ್. ಸಾವಿರ ವರ್ಷಕ್ಕೂ ಹೆಚ್ಚು ಬದುಕಿರುವವಳು ಅವಳು, ಅವಳ ಲೆಕ್ಕದಲ್ಲಿ ಐವತ್ತು ವರ್ಷ ಒಂದು ಚಿಕ್ಕ ಬಿಡುವು. ಕೊಟ್ಟ ಮಾತಿನಂತೆ ಮರಳಿ ಬಂದಾಗ ಹಿಮ್ಮೆಲ್ ತಲೆ ಬೋಳಾದ, ಬಿಳಿ ಗಡ್ಡದ ಮುದುಕ. ಉಲ್ಕೆಗಳನ್ನು ಒಟ್ಟಿಗೆ ನೋಡುತ್ತಾರೆ. ಅದಾದ ಮೇಲೆ ಅವನ ಶವಸಂಸ್ಕಾರ.

ಈ ದೃಶ್ಯ ಕಟ್ಟಿದ ರೀತಿ ನೋಡಿ. ಫ್ರೀರೆನ್ ಮುಖದಲ್ಲಿ ಏನೂ ಕಾಣುವುದಿಲ್ಲ. ಇವಳಿಗೆ ದುಃಖವೇ ಇಲ್ಲವೇ ಎಂದು ನೆರೆದವರು ಗುಸುಗುಸು ಮಾಡುತ್ತಾರೆ. ಪೆಟ್ಟಿಗೆಯ ಮೇಲೆ ಮಣ್ಣು ಬಿದ್ದ ಮೇಲೆ ಅವಳಿಗೆ ಅಳು ಬರುತ್ತದೆ. ಮನುಷ್ಯರ ಆಯಸ್ಸು ಚಿಕ್ಕದೆಂದು ಗೊತ್ತಿದ್ದೂ ಇವನನ್ನು ತಿಳಿದುಕೊಳ್ಳಲು ತಾನು ಯಾಕೆ ಪ್ರಯತ್ನಿಸಲಿಲ್ಲ ಎಂಬ ಅಳು ಅದು. ಇದೆಲ್ಲ ನಡೆಯುವುದು ಮೊದಲ ಕಂತಿನಲ್ಲೇ, ಅರ್ಧ ಗಂಟೆಯೊಳಗೆ. ಹಿಮ್ಮೆಲ್‌ನನ್ನು ನಾವೂ ಸರಿಯಾಗಿ ಕಂಡಿರುವುದಿಲ್ಲ. ಅವನು ಎಂಥವನೆಂದು ಅವನು ಹೋದ ಮೇಲೆಯೇ, ಅವಳಿಗೆ ತುಣುಕು ತುಣುಕಾಗಿ ಬರುವ ನೆನಪುಗಳಲ್ಲಿ, ನಮಗೂ ತಿಳಿಯುತ್ತಾ ಹೋಗುತ್ತದೆ. ಅವಳ ನಷ್ಟವನ್ನು ನಮ್ಮದಾಗಿಸಲು ನಿರ್ದೇಶಕರು ಕಂಡುಕೊಂಡ ದಾರಿ ಇದು. ಇದಕ್ಕಿಂತ ನೇರವಾದ ದಾರಿ ನನಗೆ ಹೊಳೆಯುವುದಿಲ್ಲ.

ಆಮೇಲಿನ ಕಂತುಗಳಲ್ಲಿ ಪರದೆಯ ಮೇಲೆ ಆಗಾಗ ಅಕ್ಷರಗಳು ಮೂಡುತ್ತವೆ: ವೀರ ಹಿಮ್ಮೆಲ್ ಸತ್ತು ಇಪ್ಪತ್ತು ವರ್ಷಗಳ ಮೇಲೆ, ಇಪ್ಪತ್ತೆಂಟು ವರ್ಷಗಳ ಮೇಲೆ, ಹೀಗೆ. ಆ ಲೋಕದ ಪಂಚಾಂಗವೇ ಒಂದು ಸಾವಿನಿಂದ ಶುರುವಾಗಿದೆ. ಇಷ್ಟು ಹೊತ್ತಿಗೆ ಹೈಟರ್ ಸಾಕಿದ ಫರ್ನ್ ಎಂಬ ಅನಾಥ ಹುಡುಗಿ ಫ್ರೀರೆನ್‌ಗೆ ಶಿಷ್ಯೆಯಾಗಿರುತ್ತಾಳೆ.

ಮೂರನೆಯ ಕಂತಿನ ಒಂದು ಪ್ರಸಂಗವನ್ನು ಹೇಳಲೇಬೇಕು. ಕ್ವಾಲ್ ಎಂಬ ಅಸುರ ಯಾವ ರಕ್ಷಣೆಯನ್ನಾದರೂ ಸೀಳಿಕೊಂಡು ಹೋಗುವ ಒಂದು ಕೊಲ್ಲುವ ಮಂತ್ರ ಕಂಡುಹಿಡಿದಿದ್ದ. ಹಿಮ್ಮೆಲ್ ತಂಡಕ್ಕೂ ಅವನನ್ನು ಕೊಲ್ಲಲಾಗದೆ ಕಲ್ಲಾಗಿಸಿ ಬಿಟ್ಟುಬಂದಿದ್ದರು. ಎಂಬತ್ತು ವರ್ಷ ಕಳೆದು ಅವನು ಎಚ್ಚರಗೊಳ್ಳುತ್ತಾನೆ, ಅದೇ ಮಂತ್ರ ಬಿಡುತ್ತಾನೆ. ಫರ್ನ್ ಅದನ್ನು ತಡೆದು ನಿಲ್ಲುತ್ತಾಳೆ. ಇದು ನಾನು ಕಲಿತ ಸಾಮಾನ್ಯ ದಾಳಿ ಮಂತ್ರವಲ್ಲವೇ ಎಂದು ಅವಳಿಗೇ ಆಶ್ಚರ್ಯ. ಅವನು ಕಲ್ಲಾಗಿದ್ದ ಅಷ್ಟೂ ವರ್ಷ ಮನುಷ್ಯರು ಆ ಮಂತ್ರವನ್ನು ಬಿಡಿಸಿ ನೋಡಿದರು, ತಡೆಯುವ ಬಗೆ ಕಂಡುಕೊಂಡರು, ಕೊನೆಗೆ ಎಳೆಯರಿಗೆ ಕಲಿಸುವ ಪಾಠವಾಗಿಸಿದರು. ಆಯಸ್ಸು ಚಿಕ್ಕದಾದ್ದರಿಂದ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡರು. ಮಾಯಾಲೋಕದ ಕಥೆಯೊಂದರಲ್ಲಿ ವಿದ್ಯೆಯ ಚರಿತ್ರೆಯನ್ನು ಇಷ್ಟು ಸ್ಪಷ್ಟವಾಗಿ ಕಂಡದ್ದು ನನಗೆ ತುಂಬ ಸಂತೋಷ ಕೊಟ್ಟಿತು.

ಇವಾನ್ ಕಾಲ್ ಅವರ ಸಂಗೀತದ ಬಗ್ಗೆ ಒಂದು ತಕರಾರಿದೆ. ಕೆಲವು ಕಡೆ ಪಾತ್ರಕ್ಕೆ ದುಃಖ ತಟ್ಟುವ ಮೊದಲೇ ವಾದ್ಯಗಳು ದುಃಖಪಡುತ್ತವೆ. ಇಷ್ಟು ಚೆನ್ನಾಗಿ ಬಿಡಿಸಿದ ಮೌನಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು. ಧ್ವನಿಯ ಬಗ್ಗೆ ಯಾವ ದೂರೂ ಇಲ್ಲ. ಫ್ರೀರೆನ್‌ಗೆ ಕಂಠ ಕೊಟ್ಟಿರುವ ತಾನೆಜಾಕಿ ಅತ್ಸುಮಿಯವರೇ ಇದೇ ತಿಂಗಳು ಎರಡನೆಯ ಸೀಸನ್ ಶುರು ಮಾಡಿದ 'ಸ್ಪೈ ಫ್ಯಾಮಿಲಿ'ಯಲ್ಲಿ ಪುಟಾಣಿ ಆನ್ಯಾಗೂ ಕಂಠ. ಒಂದೇ ವಾರದಲ್ಲಿ ಎರಡನ್ನೂ ಕೇಳಿ, ಇಬ್ಬರೂ ಒಬ್ಬರೇ ಎಂದು ನಂಬುವುದು ಕಷ್ಟ.

ಇನ್ನು 'ದಿ ಅಪೋಥೆಕರಿ ಡೈರೀಸ್'. ಹ್ಯೂಗಾ ನಾತ್ಸು ಅವರ ಕಾದಂಬರಿ ಸರಣಿ ಇದರ ಮೂಲ. ಹಳೆಯ ಚೀನಾವನ್ನು ಹೋಲುವ ಕಲ್ಪಿತ ದೇಶ, ಚಕ್ರವರ್ತಿಯ ಅಂತಃಪುರ. ಬೀದಿಯಲ್ಲಿ ಅಪಹರಣಕ್ಕೊಳಗಾಗಿ ಅಲ್ಲಿಗೆ ಕೆಲಸದವಳಾಗಿ ಮಾರಾಟವಾದ ಮಾವೊಮಾವೊಗೆ ಮದ್ದು ಅಂದರೆ ಪ್ರಾಣ, ವಿಷ ಅಂದರೆ ಇನ್ನೂ ಪ್ರಾಣ. ಚಕ್ರವರ್ತಿಯ ಕೂಸುಗಳು ಒಂದೊಂದಾಗಿ ಸಾಯುತ್ತಿವೆ. ಶಾಪ ಎನ್ನುತ್ತಾರೆ ಎಲ್ಲರೂ. ಕಾರಣ ತಾಯಂದಿರು ಮುಖಕ್ಕೆ ಬಳಿದುಕೊಳ್ಳುವ ಬಿಳಿ ಪುಡಿ ಎಂದು ಮಾವೊಮಾವೊ ಪತ್ತೆ ಮಾಡುತ್ತಾಳೆ, ಬಟ್ಟೆಯ ಚೂರೊಂದರ ಮೇಲೆ ಎಚ್ಚರಿಕೆ ಬರೆದು ಇಬ್ಬರು ರಾಣಿಯರಿಗೆ ತಲುಪಿಸುತ್ತಾಳೆ. ಒಬ್ಬಳು ನಂಬುತ್ತಾಳೆ, ಅವಳ ಮಗಳು ಉಳಿಯುತ್ತಾಳೆ. ಇನ್ನೊಬ್ಬಳು ನಂಬುವುದಿಲ್ಲ, ಅವಳ ಮಗ ಹೋಗುತ್ತಾನೆ.

ಇದು ಬರೀ ಕಟ್ಟುಕಥೆಯಲ್ಲ ಎಂದು ಕೇಳುಗರು ತಿಳಿಯಬೇಕು. ಜಪಾನಿನಲ್ಲಿ ಹಾಲು ಕುಡಿಯುವ ಕೂಸುಗಳು ಮೆದುಳುಜ್ವರದಂಥ ಕಾಯಿಲೆಯಿಂದ ಸಾಯುತ್ತಿದ್ದ ಕಾಲವಿತ್ತು. ತಾಯಂದಿರ ಮುಖದ ಪುಡಿಯಲ್ಲಿರುವ ಸೀಸವೇ ಅದಕ್ಕೆ ಕಾರಣ ಎಂದು ಕ್ಯೋಟೋದ ಮಕ್ಕಳ ವೈದ್ಯ ಹಿರಾಯಿ ಇಕುತಾರೊ ತೋರಿಸಿಕೊಟ್ಟದ್ದು 1923ರಲ್ಲಿ. ಅದಾಗಿ ಸರಿಯಾಗಿ ನೂರು ವರ್ಷಕ್ಕೆ ಈ ಧಾರಾವಾಹಿ ಬಂದಿದೆ.

ಯೂಕಿ ಅಓಯಿ ಅವರ ಕಂಠದಲ್ಲಿ ಮಾವೊಮಾವೊ ತುಂಬ ಜೀವಂತ. ಬಣ್ಣಗಳು ಕಣ್ಣು ತುಂಬುತ್ತವೆ. ಆದರೆ ಹುಡುಗಿಯೊಬ್ಬಳನ್ನು ಹಿಡಿದು ಮಾರಿದ ಸಂಗತಿಯನ್ನು ಕಥೆ ಬಹಳ ಸಲೀಸಾಗಿ ದಾಟಿಬಿಡುತ್ತದೆ. ಅವಳೇ ಅದನ್ನು ಹೆಗಲು ಕುಣಿಸಿ ಬಿಟ್ಟುಬಿಡುವುದು ಅವಳ ಸ್ವಭಾವ ಇರಬಹುದು. ಅರಮನೆಯ ಚೆಲುವು ತೋರಿಸುವ ಆತುರದಲ್ಲಿ ಕಥೆಯೂ ಹಾಗೇ ಬಿಡಬಾರದಿತ್ತು. ಮೂರು ಕಂತುಗಳನ್ನು ಒಟ್ಟಿಗೆ ನೋಡಿದಾಗ ಒಗಟು, ಉತ್ತರ, ಮತ್ತೆ ಒಗಟು ಎಂಬ ಜಾಡು ಬೇಗ ತಿಳಿದುಬಿಡುತ್ತದೆ. ಇದಕ್ಕೆ ವಾರಕ್ಕೊಂದು ಕಂತಿನ ಲಯವೇ ಒಳ್ಳೆಯದು ಅನಿಸಿತು.

ಸದ್ದಿಲ್ಲದೆ ಬಂದಿರುವ 'ಓವರ್‌ಟೇಕ್' ಅನ್ನೂ ಮರೆಯಬೇಡಿ. ಮಾಂಗಾ, ಕಾದಂಬರಿ ಯಾವುದರ ಆಧಾರವೂ ಇಲ್ಲದ ಸ್ವತಂತ್ರ ಕಥೆ. ಮನುಷ್ಯರ ಚಿತ್ರ ತೆಗೆಯಲಾಗದ ಒಬ್ಬ ಛಾಯಾಗ್ರಾಹಕ, ಫಾರ್ಮುಲಾ ಫೋರ್ ಕಾರು ಓಡಿಸುವ ಒಬ್ಬ ಶಾಲಾ ಹುಡುಗ. ಕಾರು ಓಟದ ಗಂಧ ಗಾಳಿ ಇಲ್ಲದವರನ್ನೂ ಹಿಡಿದು ಕೂರಿಸುತ್ತದೆ.

ಮತ್ತೆ 'ಫ್ರೀರೆನ್'ಗೆ ಬರುತ್ತೇನೆ, ಏಕೆಂದರೆ ಏಳನೆಯ ಕಂತು ನನ್ನನ್ನು ಕಲಕಿದೆ. ಅಲ್ಲೊಂದು ಹಿಂದಿನ ಪ್ರಸಂಗ. ಮಗುವೊಂದನ್ನು ಕೊಂದ ಅಸುರ ಬಾಲಕಿ ಅಮ್ಮಾ ಎಂದು ಕೂಗುತ್ತಾಳೆ, ಹಿಮ್ಮೆಲ್ ಕೈ ತಡೆಯುತ್ತಾನೆ, ಊರ ಮುಖಂಡ ಅವಳನ್ನು ಮನೆಗೆ ಸೇರಿಸಿಕೊಳ್ಳುತ್ತಾನೆ. ಕೊನೆಗೆ ಅವಳು ಅವನನ್ನೇ ಕೊಲ್ಲುತ್ತಾಳೆ. ಅಮ್ಮಾ ಎಂದು ಯಾಕೆ ಅಂದೆ ಎಂದು ಕೇಳಿದರೆ, ಹಾಗಂದರೆ ನೀವು ಕೊಲ್ಲುವುದಿಲ್ಲವಲ್ಲ ಎನ್ನುತ್ತಾಳೆ. ಅಸುರರಿಗೆ ಮಾತು ಅಂದರೆ ವಂಚನೆಯ ಉಪಕರಣ ಮಾತ್ರ ಎಂಬುದು ಫ್ರೀರೆನ್ ನಿಲುವು. ಇನ್ನೊಬ್ಬರನ್ನು ತಿಳಿದುಕೊಳ್ಳದೆ ಹೋದೆನಲ್ಲಾ ಎಂಬ ಅಳುವಿನಿಂದ ಹೊರಟ ಕಥೆ, ಒಂದು ಇಡೀ ಕುಲವನ್ನು ತಿಳಿದುಕೊಳ್ಳುವ ಪ್ರಯತ್ನವೇ ಅಪಾಯ ಎನ್ನುವಲ್ಲಿಗೆ ಬಂದು ನಿಂತಿದೆ. ದೃಶ್ಯ ಅಪ್ರತಿಮವಾಗಿದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಇಷ್ಟು ಸೂಕ್ಷ್ಮವಾಗಿ ಯೋಚಿಸುವ ಧಾರಾವಾಹಿ ಈ ಎರಡನ್ನೂ ಒಂದೇ ಪಾತ್ರದೊಳಗೆ ಹೇಗೆ ಹೊಂದಿಸುತ್ತದೆ ಎಂಬುದಕ್ಕಾಗಿ ನಾನು ಪ್ರತಿ ಶುಕ್ರವಾರ ಕಾಯುತ್ತಿದ್ದೇನೆ. ನೀವೂ ನೋಡುತ್ತಿದ್ದರೆ ಏಳನೆಯ ಕಂತಿನ ಬಗ್ಗೆ ನಿಮ್ಮ ಅಭಿಪ್ರಾಯ ಬರೆದು ತಿಳಿಸಿ.

ನಮಸ್ಕಾರ.