ಹೀರೋ ಹಿಂದೆ ನಡ್ಕೊಂಡು ಹೋಗೋ ಜನ

ಹಳೇ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ ನೋಡುವಾಗ ನೀವು ಯಾರನ್ನ ನೋಡ್ತೀರಾ? ಹೀರೋನ, ಹೀರೋಯಿನ್‌ನ, ವಿಲನ್‌ನ, ಅದು ಸಹಜ. ನಾನು ಅವರ ಹಿಂದೆ ಫುಟ್‌ಪಾತ್ ಮೇಲೆ ಹೋಗ್ತಾ ಇರೋರನ್ನ ನೋಡ್ತೀನಿ. ಬ್ಯಾಗ್ ಹಿಡ್ಕೊಂಡು ಬಸ್ಸಿಗೆ ಓಡೋ ಹೆಂಗಸು, ಅಂಗಡಿ ಬಾಗಿಲಲ್ಲಿ ನಿಂತು ಬೀದಿ ನೋಡ್ತಿರೋ ಮುದುಕ, ಸ್ಕೂಲಿಗೆ ಹೋಗ್ದೆ ಗೋಡೆ ಮೇಲೆ ಕೂತಿರೋ ಹುಡುಗ್ರು. ಇವರಿಗೆ ಯಾರೂ ದುಡ್ಡು ಕೊಟ್ಟಿಲ್ಲ, ಡೈಲಾಗ್ ಕೊಟ್ಟಿಲ್ಲ, ಎಷ್ಟೋ ಜನಕ್ಕೆ ತಾವು ಸಿನಿಮಾದಲ್ಲಿ ಬಂದಿದೀವಿ ಅಂತಾನೇ ಗೊತ್ತಿರ್ಲಿಲ್ಲ. ದೊಡ್ಡ ಊರಿನ ನಿಜವಾದ ಬೀದಿಯಲ್ಲಿ ಶೂಟ್ ಮಾಡಿರೋ ಆ ಸಿನಿಮಾಗಳ ಜೀವ ಇರೋದೇ ಇವರಲ್ಲಿ ಅಂತ ನನ್ನ ನಂಬಿಕೆ. ಇವತ್ತು ಅದನ್ನೇ ಮಾತಾಡ್ತೀನಿ, ಯಾಕಂದ್ರೆ ನಾನಿರೋದು ಮಡಿಕೇರಿಯಲ್ಲಿ, ಶೂಟಿಂಗ್ ಗಾಡಿಗಳು ಬರ್ತಾ ಹೋಗ್ತಾ ಇರೋ ಊರಲ್ಲಿ, ಈ ವಿಷ್ಯ ನಮಗೆ ತುಂಬಾ ಹತ್ರದ್ದು.

ಮೊದಲು ನ್ಯೂಯಾರ್ಕ್. 1948ರಲ್ಲಿ ಬಂದ "ದಿ ನೇಕೆಡ್ ಸಿಟಿ", ಡೈರೆಕ್ಟರ್ ಜೂಲ್ಸ್ ಡಾಸಿನ್. ಕಥೆ ಸಿಂಪಲ್, ಒಂದು ಹುಡುಗಿ ಕೊಲೆ ಆಗತ್ತೆ, ಪೊಲೀಸರು ಹುಡುಕ್ತಾರೆ, ಅಷ್ಟೇ. ಆದ್ರೆ ಶೂಟ್ ಮಾಡಿದ್ದು ನೂರಕ್ಕೂ ಹೆಚ್ಚು ನಿಜವಾದ ಜಾಗಗಳಲ್ಲಿ, ಬೇಸಿಗೆಯ ಬಿಸಿಲಲ್ಲಿ, ಜನ ತುಂಬಿರೋ ಬೀದಿಗಳಲ್ಲಿ. ಕ್ಯಾಮೆರಾ ಕಂಡ್ರೆ ಜನ ನಿಂತು ನೋಡ್ತಾರಲ್ವಾ, ಅದಕ್ಕೆ ಕ್ಯಾಮೆರಾನ ಒಂದು ವ್ಯಾನ್ ಒಳಗೆ ಬಚ್ಚಿಟ್ರು, ಒಳಗಿಂದ ಹೊರಗೆ ಕಾಣತ್ತೆ, ಹೊರಗಿಂದ ಒಳಗೆ ಕಾಣಲ್ಲ ಅಂಥ ಗಾಜು. ಅದೂ ಸಾಲ್ದೆ ಇದ್ದಾಗ ಡಾಸಿನ್ ಏನ್ ಮಾಡಿದ್ರು ಗೊತ್ತಾ, ಸ್ವಲ್ಪ ದೂರದಲ್ಲಿ ಒಬ್ಬ ಜಗ್ಲರ್‌ನ ನಿಲ್ಸಿ ಆಟ ಆಡ್ಸಿದ್ರು, ಜನ ಎಲ್ಲ ಅವನನ್ನ ನೋಡೋಕೆ ಹೋದಾಗ ಈ ಕಡೆ ಸೀನ್ ಮುಗ್ಸಿಬಿಟ್ರು. ಕ್ಯಾಮೆರಾಮನ್ ವಿಲಿಯಂ ಡೇನಿಯಲ್ಸ್ ಅದಕ್ಕೂ ಮುಂಚೆ ವರ್ಷಗಟ್ಟಲೆ ಸ್ಟುಡಿಯೋ ಒಳಗೆ ಹಾಲಿವುಡ್ ನಟಿ ಗ್ರೇಟಾ ಗಾರ್ಬೋ ಮುಖಕ್ಕೆ ಲೈಟ್ ಇಟ್ಟ ಮನುಷ್ಯ. ಅಂಥವರು ಬೀದಿಗೆ ಇಳಿದು ಈ ಸಿನಿಮಾ ಮಾಡಿದ್ರು, ಆಸ್ಕರ್ ಬಂತು. ಕೊನೆಯಲ್ಲಿ ವಿಲಿಯಮ್ಸ್‌ಬರ್ಗ್ ಬ್ರಿಡ್ಜ್ ಮೇಲೆ ಕೊಲೆಗಾರ ಹತ್ತಿಕೊಂಡು ಹೋಗೋ ಸೀನ್ ಇದೆ, ಕೆಳಗೆ ಊರು ತನ್ನ ಪಾಡಿಗೆ ತಾನಿರತ್ತೆ. ಒಬ್ಬ ಮನುಷ್ಯ ಸಾಯೋ ಹೊತ್ತಲ್ಲಿ ಊರು ನಿಲ್ಲೋದೇ ಇಲ್ಲ, ಈ ಮಾತನ್ನ ಯಾವ ಡೈಲಾಗೂ ಹೇಳಲ್ಲ, ಆ ಲೊಕೇಶನ್ ಹೇಳತ್ತೆ.

ಕಲರ್ ಇತ್ತಲ್ಲ ಆಗ, ಯಾಕೆ ಬ್ಲ್ಯಾಕ್ ಅಂಡ್ ವೈಟ್ ಅಂತ ಕೇಳ್ಬಹುದು. ಆಗಿನ ಟೆಕ್ನಿಕಲರ್ ಕ್ಯಾಮೆರಾದಲ್ಲಿ ಮೂರು ಫಿಲ್ಮ್ ಒಟ್ಟಿಗೆ ಓಡ್ಬೇಕಿತ್ತು, ಕ್ಯಾಮೆರಾ ಭಾರಿ ದೊಡ್ಡದು, ಬೆಳಕು ಬೇಜಾನ್ ಬೇಕು, ಅದನ್ನ ತಗೊಂಡು ಸಂದಿಗೊಂದಿ ನುಗ್ಗೋಕಾಗಲ್ಲ. ಎರಡನೇ ಮಹಾಯುದ್ಧದ ಟೈಮಲ್ಲಿ ನ್ಯೂಸ್‌ರೀಲ್‌ನವರು, ಅಂದ್ರೆ ಥಿಯೇಟರಲ್ಲಿ ತೋರ್ಸೋ ಸುದ್ದಿ ಚಿತ್ರ ತೆಗೆಯೋರು, ಕೈಯಲ್ಲಿ ಹಿಡ್ಕೊಂಡು ಓಡಾಡ್ತಿದ್ದ ಸಣ್ಣ ಕ್ಯಾಮೆರಾಗಳು ಬ್ಲ್ಯಾಕ್ ಅಂಡ್ ವೈಟ್ ಫಿಲ್ಮಿಗೆ ಸರಿಹೋಗ್ತಿದ್ವು. ಇದು ಟೆಕ್ನಿಕಲ್ ಕಾರಣ. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಇನ್ನೊಂದು. ಬಣ್ಣ ಇಲ್ಲದೆ ಇದ್ರೆ ಹೀರೋನ ಜನರಿಂದ ಬೇರೆ ಮಾಡಿ ತೋರ್ಸೋದು ಕಷ್ಟ, ಕೆಂಪು ಶರ್ಟ್ ಹಾಕ್ಸಿ ಗುಂಪಲ್ಲಿ ಎದ್ದು ಕಾಣೋ ಹಾಗೆ ಮಾಡೋಕಾಗಲ್ಲ. ಎಲ್ರೂ ಒಂದೇ ಬೂದು ಬಣ್ಣದಲ್ಲಿ ಬರ್ತಾರೆ, ಅವನೂ ಆ ಬೀದಿಯವರಲ್ಲಿ ಒಬ್ಬ ಆಗ್ತಾನೆ.

ರೋಮ್‌ನಲ್ಲಿ ಅದೇ 1948ರಲ್ಲಿ ಡಿ ಸಿಕಾ "ಬೈಸಿಕಲ್ ಥೀವ್ಸ್" ಮಾಡಿದ್ರು, ಅದರ ಹೀರೋ ಮ್ಯಾಜೊರಾನಿ ನಿಜ ಜೀವನದಲ್ಲಿ ಫ್ಯಾಕ್ಟರಿ ಕೆಲಸಗಾರ, ಆಕ್ಟರ್ ಅಲ್ವೇ ಅಲ್ಲ. ಗೋಡೆಗೆ ಹಾಲಿವುಡ್ ನಟಿ ರೀಟಾ ಹೇವರ್ಥ್ ಪೋಸ್ಟರ್ ಅಂಟಿಸ್ತಾ ಇರುವಾಗ ಅವನ ಸೈಕಲ್ ಕಳುವಾಗತ್ತೆ, ಆಮೇಲೆ ಮಗನ್ನ ಕರ್ಕೊಂಡು ಇಡೀ ರೋಮ್ ಸುತ್ತುತ್ತಾನೆ, ನಾವೂ ಜೊತೆಗೆ. ಪ್ಯಾರಿಸ್‌ನಲ್ಲಿ ಗೊದಾರ್ "ಬ್ರೆತ್‌ಲೆಸ್" ಮಾಡುವಾಗ, 1960ರಲ್ಲಿ ಬಂದದ್ದು ಅದು, ಕ್ಯಾಮೆರಾಮನ್ ಕುತಾರ್‌ನ ಪೋಸ್ಟ್ ಆಫೀಸಿನ ತಳ್ಳುಗಾಡಿ ಒಳಗೆ ಕೂರ್ಸಿ ತಳ್ಳಿದ್ರು. ಆದ್ರೂ ಕೆಲವು ಕಡೆ ದಾರಿಹೋಕರು ತಿರುಗಿ ಕ್ಯಾಮೆರಾನೇ ನೋಡ್ತಾರೆ, ಗೊದಾರ್ ಅದನ್ನ ಕಟ್ ಮಾಡದೆ ಹಾಗೇ ಬಿಟ್ರು. ನನಗೆ ಆ ನೋಟಗಳು ತುಂಬಾ ಇಷ್ಟ.

ಡಾಸಿನ್ ವಿಷ್ಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ಅವರ ಕಥೆ ಅಲ್ಲಿಗೆ ಮುಗ್ಯಲ್ಲ. ಕಮ್ಯುನಿಸ್ಟ್ ಅಂತ ಹಾಲಿವುಡ್ ಅವರನ್ನ ಬ್ಲ್ಯಾಕ್‌ಲಿಸ್ಟಿಗೆ, ಅಂದ್ರೆ ಯಾರೂ ಕೆಲಸ ಕೊಡ್ಬಾರ್ದು ಅನ್ನೋ ಪಟ್ಟಿಗೆ ಹಾಕ್ತು, ಯುರೋಪ್‌ಗೆ ಹೋದ್ರು. 1950ರಲ್ಲಿ ಲಂಡನ್ ಬೀದಿಗಳಲ್ಲಿ "ನೈಟ್ ಅಂಡ್ ದಿ ಸಿಟಿ", 1955ರಲ್ಲಿ ಪ್ಯಾರಿಸ್‌ನಲ್ಲಿ "ರಿಫಿಫಿ". ಮೂರು ದೊಡ್ಡ ಊರು, ಮೂರು ಸಿನಿಮಾ, ಒಬ್ಬನೇ ಡೈರೆಕ್ಟರ್, ಒಂದು ಊರಿನ ಹಾಗೆ ಇನ್ನೊಂದು ಇಲ್ಲ. ರಿಫಿಫಿಯಲ್ಲಿ ಬಿಸಿಲಿದ್ದಾಗ ಹೊರಗಿನ ಸೀನ್ ತೆಗೆಯಲ್ಲ ಅಂತ ಡಾಸಿನ್ ಹಠ ಹಿಡಿದ್ರು, ಮೋಡ ಬರೋವರೆಗೂ ಕಾಯ್ತಿದ್ರು. ಈ ವಿಷ್ಯ ಓದಿದಾಗ ನನಗೆ ಖುಷಿ ಆಯ್ತು, ಯಾಕಂದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಾವಿಲ್ಲಿ ಬದುಕೋದೇ ಆ ಬೆಳಕಲ್ಲಿ. ನೆರಳೇ ಬೀಳದ, ರಸ್ತೆ ಗೋಡೆ ಹೆಂಚು ಎಲ್ಲ ಒದ್ದೆಯಾಗಿ ಹೊಳೆಯೋ ಬೂದು ಬೆಳಕು. ಇಲ್ಲಿಗೆ ಶೂಟಿಂಗ್‌ಗೆ ಬರೋರು ಆ ತಿಂಗಳುಗಳಲ್ಲಿ ಬಿಸಿಲಿಗೆ ಕಾಯ್ತಾರೆ, ಅಲ್ಲೊಬ್ಬ ದೊಡ್ಡ ಡೈರೆಕ್ಟರ್ ಮೋಡಕ್ಕೆ ಕಾಯ್ತಿದ್ದ.

ಇನ್ನು ನಮ್ಮ ದೇಶಕ್ಕೆ ಬರೋಣ. ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು ಬಿಮಲ್ ರಾಯ್ ಅವರ "ದೋ ಬಿಘಾ ಜಮೀನ್", 1953. ಎರಡು ಬಿಘಾ ಜಮೀನು ಅಂತ ಅರ್ಥ, ಬಿಘಾ ಅಂದ್ರೆ ಜಮೀನು ಅಳೆಯೋ ಒಂದು ಲೆಕ್ಕ. ಶಂಭು ಅಂತ ಒಬ್ಬ ಸಣ್ಣ ರೈತ, ಜಮೀನ್ದಾರನಿಗೆ ಮಿಲ್ ಕಟ್ಟೋಕೆ ಇವನ ಜಾಗ ಬೇಕು, 235 ರೂಪಾಯಿ ಸಾಲ ಮೂರು ತಿಂಗಳೊಳಗೆ ತೀರಿಸ್ದಿದ್ರೆ ಜಮೀನು ಹೋಗತ್ತೆ. ಶಂಭು ಮಗನ ಜೊತೆ ಕಲ್ಕತ್ತಾಗೆ ಹೋಗಿ ಕೈಗಾಡಿ ರಿಕ್ಷಾ ಎಳೀತಾನೆ. ಶಂಭು ಪಾತ್ರ ಮಾಡಿದ ಬಲರಾಜ್ ಸಾಹ್ನಿ ಇಂಗ್ಲಿಷ್ ಎಂಎ ಓದಿದವರು, ಬಿಬಿಸಿಯಲ್ಲಿ ಕೆಲಸ ಮಾಡಿದವರು, ಅವರು ಬರಿಗಾಲಲ್ಲಿ ಕಲ್ಕತ್ತಾದ ನಿಜವಾದ ಟ್ರಾಫಿಕ್ ಮಧ್ಯೆ ನಿಜವಾಗ್ಲೂ ರಿಕ್ಷಾ ಎಳೆದ್ರು. ಶೂಟಿಂಗ್ ಟೈಮಲ್ಲಿ ಅವರಿಗೆ ಬಿಹಾರದ ಒಬ್ಬ ರಿಕ್ಷಾ ಎಳೆಯೋ ಮನುಷ್ಯ ಸಿಕ್ಕಿದ್ನಂತೆ, ಶಂಭು ಕಥೆ ಹೇಳಿದ್ರೆ ಅವನು ಇದು ನನ್ನದೇ ಕಥೆ ಅಂತ ಅತ್ತನಂತೆ, ಸಾಹ್ನಿಯವರೇ ತಮ್ಮ ಆತ್ಮಕಥೆಯಲ್ಲಿ ಬರ್ದಿದಾರೆ. ಈ ಸಿನಿಮಾಗೆ 1954ರಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಕೊಡಗಿನವರು ಇದನ್ನ ನೋಡ್ಲೇಬೇಕು ಅಂತೀನಿ. ಇವತ್ತು ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದವರು ಇದಾರೆ, ಅವರ ಹಿಂದೆ ಯಾವ ಎರಡು ಬಿಘಾ ಇದ್ಯೋ ನಾವು ಕೇಳೋದಿಲ್ಲ. ನಮ್ಮದೇ ಗದ್ದೆಗಳು ಪಾಳು ಬಿದ್ದು, ಮಾರಾಟ ಆಗಿ, ಕಾಂಪೌಂಡ್ ಏಳೋದನ್ನೂ ನೋಡ್ತಾ ಇದೀವಿ.

ಸತ್ಯಜಿತ್ ರಾಯ್ "ಮಹಾನಗರ್" ಕೂಡ ಕಲ್ಕತ್ತಾನೇ, 1963. ಟೈಟಲ್ ಬರೋವಾಗ ತೋರ್ಸೋದು ಟ್ರಾಮಿನ ಮೇಲಿನ ಕಂಬ, ತಂತಿ, ಕಿಡಿ. ಮನೆಯ ಸೀನ್‌ಗಳು ಸೆಟ್‌ನಲ್ಲೇ ತೆಗೆದದ್ದು, ಆದ್ರೆ ಕೆಲಸ ಬಿಟ್ಟ ಹೀರೋಯಿನ್ ಆರತಿ ಗಂಡನ ಜೊತೆ ಜನರ ಗುಂಪಲ್ಲಿ ಸೇರಿ ಹೋಗೋ ಆ ಕೊನೆಯ ಬೀದಿ ಇದ್ಯಲ್ಲ, ಅದಿಲ್ಲದೆ ಸಿನಿಮಾ ಮುಗಿಯೋದೇ ಇಲ್ಲ. ಬಾಂಬೆಗೆ "ಸಿಐಡಿ" ಸಿನಿಮಾದ ಹಾಡಿದೆ, 1956, ಜಾನಿ ವಾಕರ್ ಕುದುರೆ ಗಾಡಿಯಲ್ಲಿ ಹಾಡ್ಕೊಂಡು ಹೋಗೋದು, ನಮ್ಮ ಅಜ್ಜಂದಿರಿಗೆಲ್ಲ ಬಾಯಿಪಾಠ. ಆ ಹಾಡಲ್ಲಿ ಟ್ರಾಮ್ ಹೆಸರು ಬರತ್ತೆ, ಬಾಂಬೆಯಲ್ಲಿ ಟ್ರಾಮ್ 1964ಕ್ಕೆ ನಿಂತೋಯ್ತು.

ಹಾಗಾದ್ರೆ ಬೆಂಗಳೂರು ಎಲ್ಲಿ? ಇಲ್ಲೇ ನನಗೆ ಹೊಟ್ಟೆ ಉರಿಯೋದು. ನಮ್ಮ ಬ್ಲ್ಯಾಕ್ ಅಂಡ್ ವೈಟ್ ಕಾಲದ ಕನ್ನಡ ಸಿನಿಮಾಗಳಲ್ಲಿ ಹೆಚ್ಚಿನವು ತಯಾರಾಗಿದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ, ಸ್ವಲ್ಪ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ. ಅದು ಆಗಿನವರ ತಪ್ಪಲ್ಲ, ಲ್ಯಾಬ್, ಫ್ಲೋರ್, ಟೆಕ್ನಿಷಿಯನ್ಸ್ ಎಲ್ಲ ಅಲ್ಲೇ ಇದ್ರು, ಕಡಿಮೆ ದುಡ್ಡಲ್ಲಿ ಆ ಮಹನೀಯರು ಮಾಡಿದ್ದೇ ದೊಡ್ಡ ಸಾಧನೆ. ಆದ್ರೆ ಅದರಿಂದ ನಮಗೆ ಆದ ನಷ್ಟ ನಷ್ಟಾನೇ. 50ರ, 60ರ ದಶಕದ ಮೆಜೆಸ್ಟಿಕ್, ಅವೆನ್ಯೂ ರೋಡ್, ಕೆ.ಆರ್. ಮಾರ್ಕೆಟ್ ಹೇಗಿತ್ತು, ಅಲ್ಲಿ ಜನ ಹೇಗೆ ನಡೀತಿದ್ರು, ಯಾವ ಬಟ್ಟೆ ಹಾಕ್ತಿದ್ರು, ಕಲ್ಕತ್ತಾದವರು ಸಿನಿಮಾ ಹಾಕಿ ಮಕ್ಕಳಿಗೆ ತೋರ್ಸೋ ಹಾಗೆ ನಾವು ತೋರ್ಸೋಕಾಗಲ್ಲ.

ಕೊಡಗಿನ ಕಥೆ ಇನ್ನೊಂಥರ. ನಮ್ಮ ಊರನ್ನ ಶೂಟ್ ಮಾಡಿದಾರೆ, ಬೇಕಾದಷ್ಟು ಮಾಡಿದಾರೆ. 1971ರ "ಶರಪಂಜರ"ದ ಕೊಡಗಿನ ಕಾವೇರಿ ಹಾಡು ಈಗ್ಲೂ ಎಲ್ರ ಬಾಯಲ್ಲಿದೆ, ನನಗೂ ಪ್ರಾಣ. ಆದ್ರೆ ಒಟ್ಟಾರೆ ನೋಡಿದ್ರೆ ಸಿನಿಮಾದವರಿಗೆ ಕೊಡಗು ಅಂದ್ರೆ ಮಂಜು, ಕಾಫಿ ಹೂವು, ಅಬ್ಬಿ ಫಾಲ್ಸ್, ಈಗ ಮೇಲಿಂದ ಒಂದು ಡ್ರೋನ್ ಶಾಟ್. ಫ್ರೇಮಲ್ಲಿ ಜನ ಬಂದ್ರೆ ಅಸಿಸ್ಟೆಂಟ್‌ಗಳು ಬಂದು ಪಕ್ಕಕ್ಕೆ ಹೋಗಿ ಅಂತಾರೆ. ನಮ್ಮ ಊರಲ್ಲೇ ನಾವು ಪಕ್ಕಕ್ಕೆ ಹೋಗ್ಬೇಕು! ಮಡಿಕೇರಿ ಶುಕ್ರವಾರದ ಸಂತೆ, ಬಸ್ ಸ್ಟ್ಯಾಂಡಲ್ಲಿ ಕೊಡೆ ಹಿಡ್ಕೊಂಡು ಕೊನೇ ಬಸ್ ಕಾಯೋ ತೋಟದ ಹೆಂಗಸರು, ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸೋ ಕೈಗಳು, ಇದು ಯಾವ ದೊಡ್ಡ ಸಿನಿಮಾದಲ್ಲೂ ಕಥೆಯ ಭಾಗವಾಗಿ ಬಂದಿದ್ದನ್ನ ನಾನು ನೋಡಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಮನೆ, ತೋಟ, ರಸ್ತೆ ಹೋದ್ವು. ಆ ಕಡೆಯ ಬೆಟ್ಟದ ಸಾಲು ಎಷ್ಟು ಹಾಡುಗಳಲ್ಲಿ ಬೇಕಾದ್ರೂ ಸಿಗಬಹುದು, ಅಲ್ಲಿದ್ದ ಅಂಗಡಿ, ತಿರುವು, ಜಗಲಿ ಮೇಲೆ ಕೂತವರು ಸಿಗಲ್ಲ.

ಇದಕ್ಕೆ ಕೆಲವರು, ಈಗ ಎಲ್ರ ಕೈಯಲ್ಲೂ ಮೊಬೈಲ್ ಇದ್ಯಲ್ಲ, ಎಲ್ಲ ರೆಕಾರ್ಡ್ ಆಗ್ತಾನೇ ಇದೆ ಅಂತಾರೆ. ರೆಕಾರ್ಡ್ ಆಗ್ತಿದೆ, ಒಪ್ಪಿದೆ, ಆದ್ರೆ ಅದರಲ್ಲಿ ನಾವೇ ಕ್ಯಾಮೆರಾ ಮುಂದೆ ನಿಂತಿರ್ತೀವಿ, ಬೀದಿ ನಮ್ಮ ಭುಜದ ಹಿಂದೆ ಎಲ್ಲೋ ಚೂರು ಕಾಣತ್ತೆ. ಇನ್ನೊಂದು ಪ್ರಶ್ನೆ ನಿಜವಾಗ್ಲೂ ಯೋಚನೆ ಮಾಡ್ಬೇಕಾದ್ದು, ಜನಕ್ಕೆ ಹೇಳದೆ ವ್ಯಾನಲ್ಲಿ ಕ್ಯಾಮೆರಾ ಬಚ್ಚಿಟ್ಟು ತೆಗೆಯೋದು ಇವತ್ತು ಸರಿನಾ? ಸರಿ ಅಲ್ಲ, ಅದೂ ಸಣ್ಣ ಊರಲ್ಲಿ, ಎಲ್ರಿಗೂ ಎಲ್ರೂ ಗೊತ್ತಿರೋ ಕಡೆ. ಬಚ್ಚಿಡೋದು ಬೇಡ. ಟ್ರೈಪಾಡ್ ಹಾಕಿ ಎಲ್ರಿಗೂ ಕಾಣೋ ಹಾಗೆ ನಿಂತ್ಕೊಳ್ಳಿ, ಕೇಳಿದವರಿಗೆ ಏನು ಮಾಡ್ತಿದೀವಿ ಅಂತ ಹೇಳಿ, ಬೇಡ ಅಂದವರನ್ನ ಬಿಡಿ, ಒಂದೆರಡು ಗಂಟೆ ಆದ್ಮೇಲೆ ಸಂತೆಯವರಿಗೆ ನೀವೊಂದು ಕಂಬ ಇದ್ದ ಹಾಗೆ, ಅವರು ತಮ್ಮ ವ್ಯಾಪಾರಕ್ಕೆ ವಾಪಸ್ ಹೋಗ್ತಾರೆ. ಆಗ ನಿಮ್ಮ ಕಥೆ ಶುರು ಮಾಡಿ.

ಶಾರ್ಟ್ ಫಿಲ್ಮ್ ಮಾಡ್ತೀವಿ ಅಂತ ಓಡಾಡೋ ಇಲ್ಲಿನ ಹುಡುಗ ಹುಡುಗಿಯರಿಗೆ ನಾನು ಕೇಳ್ಕೊಳ್ಳೋದು ಇಷ್ಟು. ಎಲ್ರೂ ಮಂಜು ನೋಡೋಕೆ ಹೋಗೋ ಬೆಟ್ಟ ಮಾಂದಲ್‌ಪಟ್ಟಿಗೆ ಹೋಗೋದನ್ನ ಒಂದು ವರ್ಷ ಬಿಡಿ. ವಿಜಯದಶಮಿ ರಾತ್ರಿ ದಸರಾದ ದಶಮಂಟಪಗಳು, ಅಂದ್ರೆ ಹತ್ತು ದೇವಸ್ಥಾನಗಳ ಅಲಂಕಾರದ ಮಂಟಪಗಳು ಮೆರವಣಿಗೆ ಹೊರಡುವಾಗ ಮಡಿಕೇರಿ ಬೀದಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ, ಒಂದು ಕಡೆ ಕಣ್ಣು ಕುಕ್ಕೋ ಲೈಟು, ಪಕ್ಕದ ಓಣಿಯಲ್ಲಿ ಪೂರ್ತಿ ಕತ್ತಲೆ, ಬ್ಲ್ಯಾಕ್ ಅಂಡ್ ವೈಟ್‌ಗೆ ಇದಕ್ಕಿಂತ ಒಳ್ಳೇ ರಾತ್ರಿ ಬೇಕಾ? ಆ ಗುಂಪಲ್ಲಿ ತಮ್ಮನ್ನ ಕಳ್ಕೊಂಡ ಒಬ್ಬ ಅಕ್ಕ ಬೆಳಗಿನ ಜಾವದ ತನಕ ಹುಡುಕ್ತಾಳೆ ಅನ್ನೋ ಒಂದು ಎಳೆ ಸಾಕು. ಲೈಟ್ ಬಾಡಿಗೆ ಇಲ್ಲ, ಸೆಟ್ ಇಲ್ಲ, ಜೂನಿಯರ್ ಆರ್ಟಿಸ್ಟ್‌ಗಳು ಬೇಡ. ಆದ್ರೆ ಅದಕ್ಕೂ ಮುಂಚೆ "ದೋ ಬಿಘಾ ಜಮೀನ್" ನೋಡಿ, ಆಮೇಲೆ "ದಿ ನೇಕೆಡ್ ಸಿಟಿ", ಎರಡನೇ ಸಲ ನೋಡುವಾಗ ಸೌಂಡ್ ಆಫ್ ಮಾಡಿ ಬೀದಿಯನ್ನ ಮಾತ್ರ ನೋಡಿ, ಯಾರು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತಾರೆ ಅಂತ ನೋಟ್ ಮಾಡ್ಕೊಳ್ಳಿ. ಮುಂದಿನ ಸಲ ವಿಯೆನ್ನಾ ಬಗ್ಗೆ ಮಾತಾಡೋಣ, "ದಿ ಥರ್ಡ್ ಮ್ಯಾನ್", ಅದಕ್ಕೆ ಒಂದು ಪೂರ್ತಿ ಎಪಿಸೋಡೇ ಬೇಕು.